ಮೂವತ್ತು ನಿಮಿಷದಲ್ಲಿ ಪ್ರಕೃತಿ ವಿಕೋಪ

ಬೆಲ್ ಹೊಡೆದ ಮೇಲೂ ಬರೆಯುತ್ತಲೇ ಇದ್ದ ಹುಡುಗಿಯ ಕೈಯಿಂದ ಪೇಪರ್ ಎಳೆದುಕೊಂಡವಳು ನಾನೇ.

ಎಳೆದುಕೊಳ್ಳಲೇಬೇಕಿತ್ತು. ನಾನು ಅಲ್ಲಿಗೆ ಹೋದದ್ದೇ ಟೈಮಿಗೆ ಸರಿಯಾಗಿ ಬರೆದು ಮುಗಿಸುವುದನ್ನು ಕಲಿಸಲಿಕ್ಕೆ. ಹೈಸ್ಕೂಲಿನ ಕನ್ನಡ ಟೀಚರ್ ಆಗಿ ರಿಟೈರ್ ಆದ ಮೇಲೆ, ಪರೀಕ್ಷೆ ಹತ್ತಿರ ಬಂತೆಂದರೆ ನನಗೆ ಸೀಸನ್. ಭಟ್ಕಳದಿಂದ ಕುಮಟಾದವರೆಗೆ ಶಾಲೆಯವರು ಫೋನ್ ಮಾಡುತ್ತಾರೆ. ‘ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರಬಂಧ ಬರೆಯುವ ಟಿಪ್ಸ್ ಕೊಡಿ ಅಕ್ಕೋರೆ.’ (ನಮ್ಮ ಕಡೆ ಟೀಚರ್ ಹೆಂಗಸಾದರೆ ಅಕ್ಕೋರು, ಗಂಡಸಾದರೆ ಮಾಸ್ತರು.)

ಟಿಪ್ಸ್ ಏನು ಹೊಸದೇ? ಪ್ರಶ್ನೆ ಎರಡು ಸಲ ಓದಿ. ಬರೆಯುವ ಮುಂಚೆ ಪಾಯಿಂಟ್ಸ್ ಹಾಕಿಕೊಳ್ಳಿ. ಪೀಠಿಕೆ ಉದ್ದ ಎಳೆಯಬೇಡಿ. ಕಾರಣ ಒಂದು ಪ್ಯಾರಾ, ಪರಿಣಾಮ ಒಂದು ಪ್ಯಾರಾ, ಪರಿಹಾರ ಒಂದು ಪ್ಯಾರಾ. ಉಪಸಂಹಾರಕ್ಕೆ ಟೈಮ್ ಉಳಿಸಿಕೊಳ್ಳಿ, ಅರ್ಧಕ್ಕೆ ನಿಂತ ಪ್ರಬಂಧ ಮಾರ್ಕ್ಸ್ ತರುವುದಿಲ್ಲ. ಕೊಟ್ಟ ವಿಷಯಗಳಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವುದನ್ನೇ ಆರಿಸಿಕೊಳ್ಳಿ.

ಕುಮಟಾ ಹತ್ತಿರದ ಆ ಶಾಲೆಯಲ್ಲೂ ಇದನ್ನೇ ಹೇಳಿದೆ. ಆಮೇಲೆ ಬೋರ್ಡಿನ ಮೇಲೆ ಎರಡು ವಿಷಯ ಬರೆದೆ. ಗ್ರಂಥಾಲಯದ ಮಹತ್ವ. ಪ್ರಕೃತಿ ವಿಕೋಪಗಳು. ‘ಅರ್ಧ ಗಂಟೆ. ಶುರು ಮಾಡಿ’ ಅಂದೆ.

ಮನೆಗೆ ಬಂದು ಪೇಪರ್ ತಿದ್ದಲು ಕೂತಾಗ ಎಲ್ಲವೂ ಒಂದೇ ಅಚ್ಚಿನ ಇಟ್ಟಿಗೆ. ‘ಪ್ರಕೃತಿಯು ನಮ್ಮ ತಾಯಿ. ತಾಯಿ ಮುನಿದರೆ ಮಕ್ಕಳ ಗತಿಯೇನು?’ ಗೈಡಿನ ಸಾಲು. ಅರ್ಧ ಕ್ಲಾಸಿಗೆ ಬಾಯಿಪಾಠ.

ಆ ಹುಡುಗಿಯದು ಮಾತ್ರ ಬೇರೆ. ಹೆಸರು ನಾಗವೇಣಿ ಅಂತಿಟ್ಟುಕೊಳ್ಳಿ. ಪೀಠಿಕೆಯೇ ಇಲ್ಲ. ಮೊದಲ ಸಾಲೇ ಹೀಗೆ: ‘ಇದು ಪ್ರಕೃತಿ ವಿಕೋಪ ಅಲ್ಲ. ಮಳೆ ಪ್ರತಿ ವರ್ಷ ಬರುತ್ತದೆ. ನಮ್ಮ ಮನೆ ಹಿಂದಿನ ಗುಡ್ಡದ ಬುಡ ಕಡಿದದ್ದು ಮಳೆ ಅಲ್ಲ, ಜೆಸಿಬಿ. ಗುಡ್ಡ ಜರಿಯುತ್ತದೆ ಎಂದು ಅಮ್ಮ ಎರಡು ಸಲ ಪಂಚಾಯ್ತಿಗೆ ಹೋಗಿ ಹೇಳಿ ಬಂದಿದ್ದಳು.’

ಮುಂದೆ ಪುಟಗಟ್ಟಲೆ ಇತ್ತು. ಬೆಳಗ್ಗೆ ಅಮ್ಮ ಯಾವ ತಿಂಡಿ ಮಾಡಿದ್ದಳು, ತಮ್ಮ ಜ್ವರ ಬಂದು ಶಾಲೆಗೆ ರಜೆ ಹಾಕಿದ್ದು, ಇವಳು ಬಸ್ ಕಾಯುತ್ತ ನಿಂತಾಗ ಕೇಳಿದ ಶಬ್ದ, ಓಡಿ ಬಂದರೆ ಮನೆ ಇದ್ದ ಜಾಗದಲ್ಲಿ ಬರೀ ಕೆಂಪು ಮಣ್ಣು. ಕೊನೆಯ ಸಾಲು: ‘ಮಣ್ಣು ತೆಗೆದಾಗ ಅಮ್ಮನ ಕೈಯಲ್ಲಿ’.

ಅಲ್ಲಿಗೆ ನಿಂತಿತ್ತು. ಅಲ್ಲೇ ನಾನು ಪೇಪರ್ ಎಳೆದುಕೊಂಡಿದ್ದೆ.

ಆ ಶಾಲೆಯ ಕನ್ನಡ ಮಾಸ್ತರಿಗೆ ಫೋನ್ ಮಾಡಿದೆ. ‘ಹೌದು ಅಕ್ಕೋರೆ. ಹೊನ್ನಾವರದ ಕಡೆ ಹುಡುಗಿ. ಹೋದ ಮಳೆಗಾಲದಲ್ಲಿ ಗುಡ್ಡ ಜರಿದು ತಾಯಿ, ತಮ್ಮ ಇಬ್ರೂ ಹೋದ್ರು. ಅಪ್ಪ ಮೀನುಗಾರಿಕೆ ಬೋಟಲ್ಲಿ ಇರ್ತಾನೆ, ಹಾಗಾಗಿ ಈಗ ಹೊಳನಗದ್ದೆಯಲ್ಲಿ ಚಿಕ್ಕಮ್ಮನ ಮನೆಲ್ಲಿ ಅದೆ. ಪ್ರಿಪರೇಟರಿಲೂ ಹೀಗೇ ಮಾಡ್ತು. ಪ್ರಬಂಧ ಒಂದೇ ಬರೀತಾ ಕೂತು ಬಾಕಿ ಪ್ರಶ್ನೆ ಎಲ್ಲ ಖಾಲಿ. ಫೇಲು.’

ಮಾಸ್ತರು ಹೇಳಿದರೆಂದು ಮುಂದಿನ ಭಾನುವಾರ ಬೆಳಗ್ಗೆ ಚಿಕ್ಕಮ್ಮನೇ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹೆಂಗಸು. ಕೂತುಕೊಳ್ಳಲೂ ಇಲ್ಲ, ಎರಡೂ ಅಂಗೈ ನನ್ನ ಮುಂದೆ ಹಿಡಿದಳು. ಬೆರಳ ತುದಿಗಳೆಲ್ಲ ಬೀಜದ ಸಿಪ್ಪೆಯಿಂದ ಸಿಡಿಯುವ ಗೇರೆಣ್ಣೆಗೆ ಸುಟ್ಟು ಕಪ್ಪಾಗಿದ್ದವು.

‘ಇದು ನೋಡಿ ಅಕ್ಕೋರೆ. ಫೇಲಾದ್ರೆ ಇವ್ಳಿಗೂ ಇದೇಯ. ನನ್ ಅಕ್ಕ ಇವ್ಳನ್ನ ನರ್ಸ್ ಮಾಡ್ಬೇಕು ಅಂತಿದ್ಲು. ಎಂತಾರೂ ಮಾಡಿ ಪಾಸು ಮಾಡ್ಸಿ.’

ನಾಗವೇಣಿ ಬಾಗಿಲ ಹತ್ತಿರ ಚಪ್ಪಲಿ ನೋಡುತ್ತ ನಿಂತಿದ್ದಳು.

‘ಎಂತಕ್ಕೆ ಅದನ್ನೇ ಬರೀತೆ ಮಗಾ?’ ಅಂದೆ.

‘ಚೆನ್ನಾಗಿ ಗೊತ್ತಿರೂದನ್ನೇ ಬರೀರಿ ಅಂದ್ರಿ ನೀವು.’

‘ಲೈಬ್ರರಿ ಬಗ್ಗೆ ಬರೀಬಹುದಿತ್ತಲ್ಲೇ’ ಅಂದೆ.

‘ಅದು ನಾ ಕಂಡಿದ್ದೇ ಇಲ್ಲ ಅಕ್ಕೋರೆ.’

ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇ ಬಿಟ್ಟೆ. ಅಮ್ಮನ ಕೈಯಲ್ಲಿ ಏನಿತ್ತು?

‘ತಮ್ಮನ ಕೈ’ ಅಂದಳು. ‘ಬಿಡಿಸೂಕೆ ಆಗ್ಲಿಲ್ಲ. ಹಾಗೇ ಒಟ್ಟಿಗೇ ತಕಂಡು ಹೋದ್ರು.’

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಹೋದಳು. ಹುಡುಗಿ ಅಳಲಿಲ್ಲ. ನಾನು ಒಳಗೆ ಹೋಗಿ ಚಹಾ ಇಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯುವವರೆಗೂ ನನಗೆ ಗೊತ್ತಾಗಲಿಲ್ಲ.

ಅವಳು ಪಾಸಾಗಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಮೂವತ್ತು ವರ್ಷ ಪೇಪರ್ ತಿದ್ದಿದವಳು ನಾನು. ರಾಶಿ ಉತ್ತರಪತ್ರಿಕೆಯ ಮುಂದೆ ಕೂತವರು ಪಾಯಿಂಟ್ ಹುಡುಕುತ್ತಾರೆ, ಅಮ್ಮನನ್ನಲ್ಲ. ಅವರದು ತಪ್ಪೇ? ಅವರಿಗೂ ಟೈಮ್ ಇಲ್ಲ.

ಪ್ರತಿ ಭಾನುವಾರ ಬಂದಳು. ಉಳಿದ ಪ್ರಶ್ನೆ ಮೊದಲು, ಪ್ರಬಂಧ ಕೊನೆಗೆ. ಗಡಿಯಾರ ಎದುರಿಗಿಟ್ಟು ಬರೆಸಿದೆ. ‘ನಾನು’ ಅನ್ನುವ ಪದ ಬಂದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ‘ಅಮ್ಮ’ ಬಂದಲ್ಲೂ ಹೊಡೆದೆ. ಜೆಸಿಬಿ ಬಂದಲ್ಲೂ.

ಒಮ್ಮೆ ಮಾತ್ರ ಕೇಳಿದಳು. ‘ಕಾರಣ ಬರೀರಿ ಅಂತ ಅದೆ ಅಲ್ಲ ಅಕ್ಕೋರೆ. ಕಾರಣ ಅದೇ ಅಲ್ದಾ?’

‘ಅರಣ್ಯನಾಶ ಅಂತ ಬರಿ’ ಅಂದೆ. ‘ಅದ್ರೊಳಗೆ ಎಲ್ಲ ಬಂತು.’

ಬಂತೇ? ಅವಳು ತಲೆಯಾಡಿಸಿ ಬರೆದುಕೊಂಡಳು.

ಪರೀಕ್ಷೆಯ ದಿನ ಸೆಂಟರಿನ ಗೇಟಿನ ಹತ್ತಿರ ನಿಂತಿದ್ದೆ. ಹಾಲ್ ಟಿಕೆಟ್ ಮಡಚಿಕೊಂಡು ಹೊರಗೆ ಬಂದಳು.

‘ಪ್ರಬಂಧ ಎಂತ ಬಂದಿತ್ತೇ?’

‘ಪ್ರಕೃತಿ ವಿಕೋಪ.’

‘ಬೇರೆ ವಿಷಯ ಇತ್ತಲ್ಲ?’

‘ಇತ್ತು. ನಾ ಇದೇ ಬರದೆ. ಹೆದ್ರಬೇಡಿ, ನೀವು ಹೇಳ್ದಂಗೇ ಬರದೆ. ಪ್ರಕೃತಿಯು ನಮ್ಮ ತಾಯಿ ಅಂತ ಶುರು ಮಾಡ್ದೆ. ಅರಣ್ಯನಾಶ, ಪ್ಲಾಸ್ಟಿಕ್, ಎಲ್ಲ ಹಾಕ್ದೆ. ಪ್ರಕೃತಿಯ ಮುಂದೆ ಮನುಷ್ಯ ಏನೂ ಅಲ್ಲ ಅಂತ ಮುಗಿಸ್ದೆ.’ ಆಮೇಲೆ ಮೆಲ್ಲಗೆ, ‘ಟೈಮೂ ಉಳಿತು’ ಅಂದಳು.

ಸಂಕಟ ಆಯಿತಾ ಅಂತ ಕೇಳಿದೆ.

‘ಇಲ್ಲ. ಬೇರೆ ಯಾರದ್ದೋ ಮನೆ ಅಂತ ಮಾಡ್ಕಂಡೆ.’

ಧಾರೇಶ್ವರದ ಕಡೆಯ ಬಸ್ಸು ಬಂತು. ಗೆಳತಿಯರ ಜೊತೆ ಓಡಿ ಹತ್ತಿದಳು.

ರಿಸಲ್ಟ್ ಬಂತು. ಪಾಸು. ಕನ್ನಡದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಪಿಯುಸಿ ಸೈನ್ಸಿಗೆ ಸೀಟೂ ಸಿಕ್ಕಿತು. ಖುಷಿಪಡುವ ಸುದ್ದಿಯೇ. ನಾನೂ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಆ ಹುಡುಗಿಯ ಬೆರಳು ಗೇರೆಣ್ಣೆಯಿಂದ ಉಳಿಯಿತಲ್ಲ, ಅದು ಸಣ್ಣ ಮಾತೇ?

ಆದರೆ ಈ ವರ್ಷವೂ ಮಳೆ ಹಿಡಿದಿದೆ. ಹೊನ್ನಾವರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ. ಗುಡ್ಡಗಳು ನೆಟ್ಟಗೆ ಗೋಡೆಯಂತೆ ಕಡಿಸಿಕೊಂಡು ನಿಂತಿವೆ. ಬುಡದಲ್ಲಿ ಮನೆಗಳು, ಅಂಗಳದಲ್ಲಿ ಒಣಹಾಕಿದ ಯೂನಿಫಾರ್ಮುಗಳು. ಯಾಕೆ ಹೀಗೆ ಅಂತ ಪರೀಕ್ಷೆಯಲ್ಲಿ ಮುಂದೆಯೂ ಕೇಳುತ್ತಾರೆ. ಉತ್ತರ ಗೊತ್ತಿರುವ ಮಕ್ಕಳು ಅರಣ್ಯನಾಶ ಅಂತ ಬರೆದು ಮಾರ್ಕ್ಸ್ ತಗೊಳ್ಳುತ್ತಾರೆ.

ಮೊನ್ನೆ ಚಿಕ್ಕಮ್ಮ ಲಾಡು ಹಿಡಿದುಕೊಂಡು ಬಂದಿದ್ದಳು. ‘ನಿಮ್ಮಿಂದ್ಲೇ ಆತು ಅಕ್ಕೋರೆ’ ಎಂದು ಕಾಲಿಗೆ ಬಿದ್ದಳು.

ತನ್ನ ತಾಯಿಯನ್ನು ಕೊಂದದ್ದು ಯಾವುದೆಂದು ಬರೆಯದೆ ಇರುವುದನ್ನು ಒಂದು ಮಗುವಿಗೆ ಕಲಿಸಿದ್ದಕ್ಕೆ ಲಾಡು ತಿನ್ನಬಹುದೇ?