ಮಾರುವವನ ಕಡೆಯ ವಕೀಲ

ಪರದೇಶದಲ್ಲಿ ಮನೆ ಮಾರುವವನು ಕರೆತಂದ ವಕೀಲ ಕೊಳ್ಳುವವನ ವಕೀಲನಲ್ಲ. ಇದು ತಿಳಿಯಲು ಕಾನೂನು ಓದಬೇಕಿಲ್ಲ, ಕಣ್ಣು ಬಿಟ್ಟಿದ್ದರೆ ಸಾಕು. ಆದರೂ ನಮ್ಮವರು ಒಬ್ಬರ ಹಿಂದೊಬ್ಬರು ಅದೇ ಹಳ್ಳಕ್ಕೆ ಬೀಳುತ್ತಾರೆ. ಬಿದ್ದ ಮೇಲೆ ಹಣೆಬರಹವನ್ನು ಬೈಯುತ್ತಾರೆ, ಹಳ್ಳ ತೋಡಿದವನನ್ನಲ್ಲ.

ದರ್ಜಿ ಅಕ್ಕ ಬಿದ್ದದ್ದೂ ಹೀಗೆಯೇ. ಹೆಂಗಸು ಪೆದ್ದಿಯೇನಲ್ಲ. ಗಿರಾಕಿ ತನ್ನ ಸೊಂಟದ ಅಳತೆ ತಾನೇ ಹೇಳಿದರೂ ನಂಬದೆ ಟೇಪು ಹಿಡಿಯುವವಳು. ಗಂಡನ ಹಿಂದೆ ಆ ದೇಶಕ್ಕೆ ಹೋಗಿ, ಬಟ್ಟೆ ರಿಪೇರಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಪ್ರಾಯ ಕಳೆದಳು. ಅಲ್ಲಿ ಕಿಟಕಿಯೇ ಇರಲಿಲ್ಲ. ಹಗಲಲ್ಲೂ ಟ್ಯೂಬ್‌ಲೈಟು. ಕಪ್ಪು ಕೋಟಿಗೆ ಕಪ್ಪು ದಾರ ಹಾಕುವಾಗ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅಲ್ಲಿನ ಭಾಷೆ ಅವಳಿಗೆ ಬರುತ್ತಿದ್ದದ್ದು ಅಂಗಡಿಗೆ ಬೇಕಾದಷ್ಟೇ: ತೋಳು, ಸೊಂಟ, ಬಿಗಿ, ಸಡಿಲ, ಅರ್ಧ ತೋಳು, ನಾಳೆ ಬನ್ನಿ. ಅವಳಿಗಿದ್ದ ಆಸೆಯೂ ಅಷ್ಟೇ ಸಣ್ಣದು. ಕಿಟಕಿಯಿರುವ ಒಂದು ಕೋಣೆ, ಆ ಕಿಟಕಿಯ ಕೆಳಗೆ ತನ್ನದೇ ಯಂತ್ರ.

ಅಂಥ ಕೋಣೆ ತೋರಿಸಿದವನು ಒಬ್ಬ ದಲ್ಲಾಳಿ. ನಮ್ಮ ಭಾಷೆಯವನೇ. ಮೊದಲ ದಿನವೇ "ಅಕ್ಕಾ" ಎಂದ. ಪರದೇಶದ ಬೀದಿಯಲ್ಲಿ ಅಕ್ಕಾ ಅನ್ನಿಸಿಕೊಂಡವಳಿಗೆ ಇನ್ನೇನು ಬೇಕು, ಬೆಣ್ಣೆಯಂತೆ ಕರಗಿದಳು. ಎರಡು ಕೋಣೆ, ನಡುವೆ ಕಿರಿದಾದ ಓಣಿ, ಹಿಂದೆ ಅಡುಗೆಮನೆ. ಬೀದಿ ಕಡೆಯ ಕೋಣೆಗೆ ಆಳೆತ್ತರದ ಕಿಟಕಿ. ಅವಳು ಗೋಡೆ ತಟ್ಟಿ ನೋಡಿದಳು, ನಲ್ಲಿ ತಿರುಗಿಸಿದಳು, ಕಿಟಕಿಗೆ ಟೇಪು ಹಿಡಿದು ಪರದೆಯ ಅಳತೆಯನ್ನೂ ತೆಗೆದುಕೊಂಡಳು. ಮನೆ ಯಾರದು ಎಂದು ಮಾತ್ರ ಕೇಳಲಿಲ್ಲ.

ಸಹಿಯ ದಿನ ವಕೀಲನೊಬ್ಬ ಮೇಜಿನಾಚೆ ಕೂತು ಆ ದೇಶದ ಭಾಷೆಯಲ್ಲಿ ತುಂಬ ಹೊತ್ತು ಮಾತಾಡಿದ. ದಲ್ಲಾಳಿ ಅದನ್ನೆಲ್ಲ ಎರಡೇ ಮಾತಿನಲ್ಲಿ ಮುಗಿಸಿದ: "ಎಲ್ಲಾ ಸರಿಯಾಗಿದೆಯಂತೆ ಅಕ್ಕಾ. ಇಲ್ಲಿ ಸಹಿ."

ಅಕ್ಕನ ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವನು, ಬಾಯಿ ಸ್ವಲ್ಪ ಜೋರು. "ಅಷ್ಟುದ್ದ ಮಾತು ಇಷ್ಟೇ ಆಯ್ತಾ? ಒಗೆದ ಮೇಲೆ ಕುಗ್ಗಿತಾ ಏನು?" ಎಂದ. "ಅಲ್ಲಪ್ಪಾ, ಇವರು ಯಾರ ಕಡೆ ವಕೀಲರು?"

"ಕಡೆ ಎಲ್ಲಿಂದ ಬಂತು ಭಾವ? ಎಲ್ಲಾ ನಮ್ಮೋರೇ." ದಲ್ಲಾಳಿ ಮುಖ ಸಣ್ಣದು ಮಾಡಿದ. "ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?"

ಅಕ್ಕ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. "ಸುಮ್ನಿರ್ರೀ. ಪಾಪ, ಬೇಜಾರು ಮಾಡ್ಕೋತಾನೆ."

ಈ 'ಬೇಜಾರು ಮಾಡ್ಕೋತಾನೆ' ಇದೆಯಲ್ಲ, ನಮ್ಮವರ ಮನೆ ಮುಳುಗಿಸುವುದು ಇದೇ. ತರಕಾರಿಯವನ ತಕ್ಕಡಿಯನ್ನು ಬಗ್ಗಿ ನೋಡುತ್ತೇವೆ. ಜನ್ಮದ ದುಡಿಮೆ ಸುರಿಯುವಾಗ ಒಂದು ಪ್ರಶ್ನೆ ಕೇಳಲು ನಮಗೆ ನಾಚಿಕೆ.

ಪರದೆ ಹೊಲಿದು ನೇತುಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಕ್ಕ ಕಿಟಕಿಯ ಕೆಳಗೆ ಕೂತು ಹೊಲಿಯುತ್ತಿದ್ದಾಗ ಬಾಗಿಲ ಬೀಗ ತಾನಾಗಿ ತಿರುಗಿತು. ಒಳಗೆ ಬಂದವಳು ವಯಸ್ಸಾದ ಒಬ್ಬ ಹೆಂಗಸು, ಕೈಯಲ್ಲಿ ಅದೇ ಮನೆಯ ಬೀಗದ ಕೈ. ಮನೆ ಮಾರಿದವನ ತಂಗಿ. ಅವಳೇನೂ ಕೂಗಾಡಲಿಲ್ಲ. ಪರದೆ ನೋಡಿದಳು, ಯಂತ್ರ ನೋಡಿದಳು, ಎದೆ ಮುಟ್ಟಿಕೊಂಡು ಏನೋ ಹೇಳಿದಳು. ಅದರಲ್ಲಿ ಅಕ್ಕನಿಗೆ ತಿಳಿದದ್ದು ಒಂದೇ ಪದ, ದಿನಾ ಅರ್ಧ ತೋಳು ಹೊಲಿದು ಗೊತ್ತಿದ್ದ ಪದ: ಅರ್ಧ.

ದಲ್ಲಾಳಿಗೆ ಫೋನ್ ಮಾಡಿದರೆ, "ಅದು ಅಣ್ಣ ತಂಗಿ ಜಗಳ ಅಕ್ಕಾ, ನಾನು ಬರೀ ಪರಿಚಯ ಮಾಡಿಸಿದೋನು" ಎಂದ. ಮಾರನೆಯ ದಿನದಿಂದ ಫೋನು ಎತ್ತಲೇ ಇಲ್ಲ.

ಅಂಗಡಿಗೆ ಬರುವ ಗಿರಾಕಿಗಳಲ್ಲಿ ಒಬ್ಬಾಕೆ ವಕೀಲೆ. ಅವಳ ಕಪ್ಪು ಕೋಟನ್ನು ಅಕ್ಕ ವರ್ಷಗಳಿಂದ ಸಡಿಲಿಸುತ್ತ ಬಂದಿದ್ದಳು. ಈಗ ಅವಳ ಮುಂದೆ ಅತ್ತಳು. ಡಿಪೋದಲ್ಲಿ ಗಂಡನ ಜೊತೆ ಕೆಲಸ ಮಾಡುವ, ಎರಡೂ ಭಾಷೆ ಬಲ್ಲ ಡ್ರೈವರ್ ಒಬ್ಬ ನಡುವೆ ನಿಂತು ಮಾತು ದಾಟಿಸಿದ. ವಕೀಲೆ ವಿಚಾರಿಸಿಕೊಂಡು ಬಂದು ಹೇಳಿದಳು: "ಅಂದು ಕೂತಿದ್ದವನು ಮಾರಿದವನ ವಕೀಲ. ಸಹಿಗೆ ಮೊದಲೇ ಹಾಗೆಂದು ಹೇಳಿದ್ದನಂತೆ. ನಿಮ್ಮವನು ನಿಮಗೆ ಹೇಳಲಿಲ್ಲ. ಮನೆಯಲ್ಲಿ ಅರ್ಧ ತಂಗಿಯದು. ಅವಳ ಸಹಿ ಇಲ್ಲದೆ ಅದು ನಿಮಗೆ ಬರುವುದಿಲ್ಲ. ನೋಂದಣಿ ಕಚೇರಿಯಲ್ಲಿ ವಿಚಾರಿಸಿದ್ದರೆ ಒಂದು ಬೆಳಗಿನಲ್ಲಿ ತಿಳಿಯುತ್ತಿತ್ತು. ಇಷ್ಟು ವರ್ಷ ನನ್ನ ಕೋಟು ಹೊಲಿದಿರಲ್ಲ, ಒಂದು ಮಾತು ಕೇಳಬಾರದಿತ್ತೇ?"

"ಗಿರಾಕಿಗೆ ಯಾಕೆ ತೊಂದ್ರೆ ಕೊಡೋದು ಅಂತ..." ಅಕ್ಕ ತಲೆ ತಗ್ಗಿಸಿದಳು.

ಗಂಡ ಮಾತ್ರ ತಡೆಯಲಾರದೆ ಅಂದ: "ಗಂಡು ಹೇಗೆ ಅಂತ ಗಂಡಿನ ಕಡೆಯೋರನ್ನೇ ಕೇಳಿದ ಹಾಗಾಯ್ತು ನಮ್ಮ ಕಥೆ."

ಮಾರಿದವನ ಮೇಲೆ ದಾವೆ ನಡೆಯುತ್ತಿದೆ, ಬೇಗ ಮುಗಿಯುವಂಥದ್ದಲ್ಲ. ಅಲ್ಲಿಯವರೆಗೆ ತಂಗಿ ತನ್ನ ಪಾಲೆಂದು ಬೀದಿ ಕಡೆಯ ಕೋಣೆ ಹಿಡಿದಿದ್ದಾಳೆ. ಪರದೆ ಚೆನ್ನಾಗಿದೆ ಎಂದು ಹಾಗೆಯೇ ಬಿಟ್ಟಿದ್ದಾಳಂತೆ. ಅಕ್ಕನ ಯಂತ್ರ ಈಗ ಅಡುಗೆಮನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ.

ನೀವೂ ಎಲ್ಲೋ ಹೊರದೇಶದಲ್ಲಿ ಒಂದು ಮನೆ ನೋಡಿ ಮುಂಗಡ ಕೊಡಲು ಹೊರಟಿದ್ದೀರಿ. ಯಾರೋ ನಿಮ್ಮನ್ನೂ ಅಣ್ಣಾ, ಅಕ್ಕಾ ಎನ್ನುತ್ತಿದ್ದಾನೆ. ಪೆನ್ನು ಕೆಳಗಿಡಿ. ನೀವೇ ಹುಡುಕಿದ, ನೀವೇ ಫೀಜು ಕೊಟ್ಟ ವಕೀಲ ಬರುವವರೆಗೆ, ನಿಮ್ಮದೇ ದುಭಾಷಿ ಪಕ್ಕದಲ್ಲಿ ಕೂರುವವರೆಗೆ, ಆ ಮನೆ ಯಾರ ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾರ ಸಾಲವಿದೆ ಎಂದು ಸರ್ಕಾರಿ ಕಚೇರಿಯೇ ಹೇಳುವವರೆಗೆ ಸಹಿ ಹಾಕಬೇಡಿ. ಮೇಜಿನಾಚೆ ಕೂತವನನ್ನು ಮುಖ ನೋಡಿ ಕೇಳಿ: ನೀನು ಯಾರ ಕಡೆಯವನು? ಬೇಜಾರು ಮಾಡಿಕೊಳ್ಳುವವನು ಮಾಡಿಕೊಳ್ಳಲಿ. ನೀವು ಕೇಳಿ.