ಸಾರು ಹಳಸುವಷ್ಟು ದೂರ

ಚಾಮರಾಜಪೇಟೆಯ ನಮ್ಮ ದೊಡ್ಡಮ್ಮ ತಿಮ್ಮಕ್ಕನಿಗೆ ಕಿಲೋಮೀಟರಿನ ಲೆಕ್ಕ ಹಿಡಿಸುವುದಿಲ್ಲ. ಚಳಿಗಾಲದಲ್ಲಿ ವಿಶ್ವೇಶ್ವರಪುರದ ರಸ್ತೆಬದಿ ಕೂತು ಅವರೆಕಾಳು ಹಿಸುಕಿ ಮಾರುವ ಹೆಂಗಸು; ಅವಳ ಅಳತೆಯೇ ಬೇರೆ. ಒಲೆಯಿಂದ ಇಳಿಸಿದ ಸಾರು ಹಳಸುವ ಮೊದಲು ತಲುಪಿದರೆ ಊರು ಹತ್ತಿರ, ಹಳಸಿದರೆ ದೂರ. ಅವಳು ಬಸುರಿಯಾಗಿ ಬಾಯಿಗೆ ಏನೂ ಸೇರದೆ ಮಲಗಿದ್ದಾಗ ಅವಳಮ್ಮ ಮಾಗಡಿಯಿಂದ ಬಸ್ಸಿನಲ್ಲಿ ಸಾರು ತರುತ್ತಿದ್ದಳಂತೆ. ಅದಕ್ಕೇ ಮಗಳು ಪ್ರತಿಭಾಳನ್ನೂ ಅಷ್ಟು ದೂರದೊಳಗೇ ಕೊಡಬೇಕೆಂದು ಹಟ.

ಪ್ರತಿಭಾ ಮೆಚ್ಚಿದ್ದು ಅನಿಲ್ ಕುಮಾರನನ್ನು. ಕೋಲಾರದ ಕಡೆಯ ಹುಡುಗ, ಕೆಲಸ ಹೈದರಾಬಾದಿನ ಔಷಧಿ ಕಾರ್ಖಾನೆಯಲ್ಲಿ.

"ಎಷ್ಟು ದೂರ?" ದೊಡ್ಡಮ್ಮ ನನ್ನನ್ನು ಕೇಳಿದಳು.

ಫೋನ್ ನೋಡಿ ಹೇಳಿದೆ. "ರಸ್ತೇಲಿ ಐನೂರ ಎಪ್ಪತ್ತು ಕಿಲೋಮೀಟರ್. ವಿಮಾನದಲ್ಲಿ ಐನೂರು."

"ಅದ್ಹೆಂಗೆ? ಊರೇನು ಎದ್ದು ಓಡಾಡ್ತದಾ?"

"ರಸ್ತೆ ಬಳಸ್ಕೊಂಡು ಹೋಗತ್ತೆ ದೊಡ್ಡಮ್ಮ. ವಿಮಾನ ನೇರ ಹೋಗತ್ತೆ."

"ಹಂಗಾದ್ರೆ ಮಿಕ್ಕಿದ ಎಪ್ಪತ್ತು ಎಲ್ಲೋಯ್ತು?"

ನನಗೆ ತಲೆ ಚಿಟ್ಟು ಹಿಡಿಯಿತು. ಪ್ರತಿಭಾ ಮಾತ್ರ ಹೊತ್ತು ನೋಡಿ ಬಾಯಿ ಹಾಕಿದಳು. "ಅಮ್ಮ, ವಿಮಾನ ಒಂದೂಕಾಲು ಗಂಟೆ ಅಷ್ಟೇ. ನಿನ್ ಸಾರು ಆರೋದೂ ಇಲ್ಲ."

"ಹೌದಾ? ನಾನೇ ತಗೊಂಡೋಗಿ ನೋಡ್ತೀನಿ. ಕೆಡದೆ ತಲುಪಿದ್ರೆ ಮದುವೆ. ಹಳಸಿದ್ರೆ ಆ ಹುಡುಗನ್ನ ಮರೆತ್ಬಿಡು."

ಹೊರಡುವ ದಿನ ಬೆಳಗಾಗುವ ಮೊದಲೇ ಹಿತಕಿದ ಬೇಳೆ ಸಾರು ಮಾಡಿ, ಸ್ಟೀಲ್ ಕ್ಯಾರಿಯರ್‌ಗೆ ತುಂಬಿ, ಮಡಿಲಲ್ಲಿಟ್ಟುಕೊಂಡು ಕೂತಳು. ಜೊತೆಗೆ ಹೊರಟವಳು ನಾನು, ನನ್ನ ಗ್ರಹಚಾರ. ಏರ್‌ಪೋರ್ಟಿನ ತಪಾಸಣೆಯವರು ಮುಚ್ಚಳ ತೆಗೆದು ನೋಡಿ, "ಅಮ್ಮಾ, ಸಾರು ಒಳಗೆ ಬಿಡಲ್ಲ" ಎಂದರು. ಲಗೇಜಿಗೆ ಹಾಕಿ ಎಂದರೆ ಇವಳು ಕೇಳಬೇಕಲ್ಲ!

"ಚೆಲ್ಲೋದ್ರೆ? ಸಾರು ಬಿಟ್ಟು ನಾನ್ಯಾಕೆ ಹೋಗ್ಲಿ?"

ಟಿಕೆಟ್ಟೂ ಹೋಯಿತು, ನನ್ನ ರಜೆಯೂ ಹೋಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಮುಖ ಊದಿಸಿಕೊಂಡಿದ್ದರೆ ಅವಳು ಕಿಟಕಿಗೆ ಆತು ವಿಮಾನ ನೋಡುತ್ತಿದ್ದಳು. "ಅಷ್ಟೊಂದು ಜನ ಸಾರಿಲ್ದೆ ಹೋಗ್ತಾರಲ್ಲೇ!" ಎಂದಳು ಬೆರಗಿನಿಂದ. ಮನೆಗೆ ಬಂದವಳು ಪ್ರತಿಭಾಳಿಗೆ ಒಂದೇ ಮಾತು ಹೇಳಿದಳು. "ವಿಮಾನದ ದಾರಿ ಮುಗೀತು. ಸುಮ್ನಿದ್ಬಿಡು." ಪ್ರತಿಭಾ ಎರಡು ದಿನ ಊಟ ಬಿಟ್ಟಳು. ನನಗೆ ದೊಡ್ಡಮ್ಮನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಅನಿಲ್ ಕುಮಾರನೇ ಬಾಗಿಲಲ್ಲಿ ನಿಂತಿದ್ದ. ರಾತ್ರಿ ಬಸ್ಸಿನ ಸುಕ್ಕು ಅಂಗಿ, ಕೈಯಲ್ಲೊಂದು ಡಬ್ಬಿ.

"ಪ್ರತಿಭಾ ಎಲ್ಲಾ ಹೇಳಿದ್ಲು. ಸಾರು ರಸ್ತೇಲಿ ತಂದಿದೀನಿ ಆಂಟಿ. ನೀವೇ ನೋಡಿ."

ದೊಡ್ಡಮ್ಮ ಮುಚ್ಚಳ ತೆಗೆದಳು. ಅವರೆಕಾಳು ಸಾರು, ಮೇಲೆಲ್ಲ ನೊರೆ. ಗಬ್ಬೆಂದು ಹುಳಿ ವಾಸನೆ ಹೊಡೆಯಿತು. ಪ್ರತಿಭಾ ಗೋಡೆಗೆ ಮುಖ ತಿರುಗಿಸಿದಳು. ಮುಗೀತು ಕಥೆ ಎಂದುಕೊಂಡೆ.

ದೊಡ್ಡಮ್ಮ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. "ಹಳಸೋಗ್ಯದೆ."

"ಹೌದು ಆಂಟಿ."

"ಯಾರು ಮಾಡಿದ್ದು?"

"ನಾನೇ. ಅಲ್ಲಿ ಅವರೆಕಾಯಿ ಹುಡುಕೋಕೆ ಮೂರು ಮಾರ್ಕೆಟ್ ತಿರುಗ್ದೆ."

"ಕಾಳು ಹಿಸುಕಿದ್ದೂ ನೀನೇನಾ?"

ಅವನು ಕೈ ಚಾಚಿದ. ಹೆಬ್ಬೆರಳ ಉಗುರಿನ ಸುತ್ತ ಕಪ್ಪು ಕಲೆ ಹಿಡಿದಿತ್ತು. ದೊಡ್ಡಮ್ಮ ಆ ಬೆರಳನ್ನು ನೋಡಿದಳು, ತನ್ನದನ್ನೂ ನೋಡಿಕೊಂಡಳು. ಅದೇ ಕಲೆ. ಅವಳ ಕಣ್ಣು ತುಂಬಿತು.

"ಉಪ್ಪು ಸರಿಯಾಗೇ ಅದೆ. ಇನ್ಮೇಲೆ ಇಲ್ಲಿಗೆ ಹೊತ್ಕೊಂಡು ಬರ್ಬೇಡ, ಅಲ್ಲೇ ಮಾಡಿ ಇವಳಿಗೆ ಬಡಿಸು. ಕಾಯಿ ನಾನು ಬಸ್ಸಿಗೆ ಹಾಕ್ತೀನಿ, ಅದು ಹಳಸಲ್ಲ." ಡಬ್ಬಿ ಎತ್ತಿಕೊಂಡು ಬಚ್ಚಲ ಕಡೆ ಹೊರಟವಳು ತಿರುಗಿ ನಿಂತಳು.

"ಆಮೇಲೆ, ಆಂಟಿ ಗೀಂಟಿ ಅನ್ಬೇಡ. ಅತ್ತೆ ಅನ್ನು."