ನೂರರ ಫಿಲಂ, ನಾನೂರರ ಡಯಲ್ಲು

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಿಮ್ಮರಾಜು ಅವರ ಸ್ಟುಡಿಯೋ ಇದೆ. ಈಗ ಅಲ್ಲಿ ನಡೆಯುವುದು ಹೆಚ್ಚಾಗಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್. ಆದರೂ ಹಿಂದಿನ ಕತ್ತಲೆ ಕೋಣೆಯನ್ನು ಅವರು ಮುಚ್ಚಿಲ್ಲ. ತುಮಕೂರಿನಿಂದ, ಕುಣಿಗಲ್ಲಿನಿಂದ ಬರುವ ನಾಲ್ಕೈದು ಕಲರ್ ರೋಲುಗಳನ್ನು ತಿಂಗಳಿಗೊಮ್ಮೆ ಕೈಯಲ್ಲೇ ತೊಳೆಯುತ್ತಾರೆ.

ಕುಣಿಗಲ್ಲಿನ ಶಾಲೆಯೊಂದರಲ್ಲಿ ಪಾಠ ಮಾಡುವ ದೀಪಿಕಾ ಹಳೆಯ ಕ್ಯಾಮೆರಾ ಕೊಂಡದ್ದು ಅವರಿಂದಲೇ. ಯಡಿಯೂರಿನಲ್ಲಿರುವ ಅವಳ ಅಜ್ಜಿ ಕರಿಬಸಮ್ಮ ಯಾರಾದರೂ ಫೋಟೋಗೆಂದು ಮೊಬೈಲ್ ಹಿಡಿದರೆ ಮುಖಕ್ಕೆ ಸೆರಗು ಎಳೆದುಕೊಳ್ಳುವವರು. ರೀಲು ಹಾಕುವ ಕ್ಯಾಮೆರಾ ಎಂದ ಮೇಲೆ, ಎಂಬತ್ತೆರಡನೆಯ ವಯಸ್ಸಿನಲ್ಲಿ, ರೇಷ್ಮೆ ಸೀರೆ ಉಟ್ಟು ಕೂತಿದ್ದರು.

ದೀಪಿಕಾ ರೋಲು ತಂದಾಗ ತಿಮ್ಮರಾಜು ಅವಳ ಹೆಗಲಿನ ಕ್ಯಾಮೆರಾದ ಕಡೆ ನೋಡಿದರು. ಫಿಲಂಗೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾಗೆ ತಿಳಿಸುವ ಡಯಲ್ಲು ನಾನೂರರಲ್ಲಿತ್ತು, ಮೇಲೊಂದು ಪ್ಲಾಸ್ಟರ್ ಪಟ್ಟಿ. ಛತ್ರದ ಮದುವೆಗಳಲ್ಲಿ ಯಾರೂ ಅಲುಗಾಡಿಸದಿರಲೆಂದು ಅವರೇ ಅಂಟಿಸಿದ್ದು. ಮಾರುವಾಗ ಕೀಳಲು ಮರೆತಿದ್ದರು. ದೀಪಿಕಾ ಹಾಕಿದ್ದು ನೂರರ ಫಿಲಂ. ಬೇಕಾದ ಬೆಳಕಿನಲ್ಲಿ ಅದಕ್ಕೆ ಸಿಕ್ಕಿದ್ದು ಕಾಲು ಭಾಗ ಮಾತ್ರ.

"ಮಧ್ಯೆ ಡಯಲ್ ಮುಟ್ಟಿದ್ಯೇನಮ್ಮ?"

"ಇಲ್ಲ ಅಂಕಲ್. ನೀವೇ ಅಂಟ್ಸಿದೀರಲ್ಲ, ಹಂಗೇ ಇರ್ಬೇಕೇನೋ ಅಂದ್ಕೊಂಡೆ."

"ತಪ್ಪು ನಂದೇ ಕಣಮ್ಮ. ಆದ್ರೆ ಮೂವತ್ತಾರು ಫೋಟೋಗೂ ಒಂದೇ ಕಾಯಿಲೆ, ಒಂದೇ ಮದ್ದು. ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಬಿಡ್ಬೇಕು."

"ಕೆಟ್ಟೋದ್ರೆ? ಅಜ್ಜಿ ಇನ್ನೊಂದ್ಸಲ ಕೂರಲ್ಲ."

"ಮೊದಲ್ನೇ ಮೂರು ಫೋಟೋ ಏನು?"

"ನಾಯಿ, ಕಾಯಿ ರಾಶಿ, ಮತ್ತೆ ನಾಯಿ."

"ಹಂಗಾದ್ರೆ ನಾಯೀನೇ ಮುಂದೆ ಹೋಗ್ಲಿ."

ಪರೀಕ್ಷೆಗೆಂದು ಕತ್ತಲಲ್ಲಿ ಆ ಮೂರನ್ನಷ್ಟೇ ಕತ್ತರಿಸಿಕೊಂಡರು. ಮಾಮೂಲಿ ಹೊತ್ತು ಮೂರೂಕಾಲು ನಿಮಿಷ. ಈ ತುಂಡಿಗೆ ನಾಲ್ಕು ಕೊಟ್ಟರು. ನಾಯಿ ಬಂತು, ಆದರೆ ಮಸುಕು. ಉಳಿದದ್ದಕ್ಕೆ ಇನ್ನರ್ಧ ನಿಮಿಷ ಸೇರಿಸಿ, ನೀರಿನ ಬಿಸಿ ಮೂವತ್ತೆಂಟು ಡಿಗ್ರಿಯಿಂದ ಕದಲದಂತೆ ನೋಡಿಕೊಂಡು ಫಿಲಂ ಡಬ್ಬಿ ತಿರುಗಿಸಿದರು. ಒದ್ದೆ ಫಿಲಂ ಬೆಳಕಿಗೆ ಹಿಡಿದಾಗ ಪ್ರತಿ ಚೌಕದಲ್ಲೂ ಕರಿಬಸಮ್ಮ ಕೂತಿದ್ದರು. ಪ್ರಿಂಟಿನಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು, ಸೀರೆಯ ನೆರಿಗೆಗಳೆಲ್ಲ ಕಪ್ಪು. ಮುಖ ಮಾತ್ರ ನಗುತ್ತಿತ್ತು.

ಭಾನುವಾರ ಯಡಿಯೂರಿನಿಂದ ಕರಿಬಸಮ್ಮನ ಫೋನು ಬಂತು.

"ಮೊಕ ಚೆನ್ನಾಗೈತೆ ಕಣಪ್ಪ. ಸೀರೆ ಅಂಚೇ ಕಾಣಾಕಿಲ್ವಲ್ಲ! ಅಷ್ಟು ದೊಡ್ಡ ಜರಿ ಎಲ್ಲೋಯ್ತು?"

"ಬೆಳಕು ಸಾಲ್ಲಿಲ್ಲ ಕಣಮ್ಮ. ತಪ್ಪು ನಂದು."

"ತಪ್ಪು ನಿಂದಾದ್ರೆ ನೀನೇ ಬಂದು ಇನ್ನೊಂದ್ಸಲ ತೆಗಿ. ಹತ್ ಗಂಟೆಗೆ ಜಗಲಿಗೆ ಬಿಸಿಲು ಬೀಳ್ತದೆ."

ತಿಮ್ಮರಾಜು ಮರುದಿನ ಅಂಗಡಿ ತೆರೆಯಲಿಲ್ಲ. ಒಂಬತ್ತೂವರೆಗೇ ಯಡಿಯೂರಿನ ಜಗಲಿಯ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದರು.